ಒಂದೇ ಊರು, ನಾಲ್ಕು ಸಾಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಹೆಸರುಗಳು ಬೆಂಗಳೂರಿನ ಕಡತಗಳಲ್ಲಿ ಒಟ್ಟಾಗಿ ಓಡಾಡತೊಡಗಿದ್ದು 2002ರಿಂದ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆ ವರ್ಷ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದವು’. ನಮ್ಮ ಜಿಲ್ಲೆಯ ಈ ನಾಲ್ಕೂ ಆ ಪಟ್ಟಿಗೆ ಸೇರಿದವು. ಅಂದಿನಿಂದ ಇಲ್ಲಿಯ ಶಾಲೆಗಳ ಬಗ್ಗೆ ಯಾರೇ ಮಾತೆತ್ತಲಿ, ‘ಹಿಂದುಳಿದ ತಾಲ್ಲೂಕು’ ಎಂಬ ಪಲ್ಲವಿಯಿಂದಲೇ ಶುರು.

ಆದರೆ ತಾಲ್ಲೂಕಿನ ಸರಾಸರಿ ನೋಡಿದವರಿಗೆ ಊರೊಳಗಿನ ಅಂತರ ಕಾಣುವುದಿಲ್ಲ. ಈ ತಾಲ್ಲೂಕು ಕೇಂದ್ರಗಳಲ್ಲಿ ಯಾವುದಕ್ಕೇ ಹೋಗಿ, ಹಳೆಯ ಪೇಟೆಯ ಕಡೆಗೆ ಸರಕಾರಿ ಕನ್ನಡ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆ, ಪಕ್ಕದ ಓಣಿಯಲ್ಲಿ ಉರ್ದು ಶಾಲೆ ಸಿಗುತ್ತವೆ. ಜನರ ಬಾಯಲ್ಲಿ ಇವು ಕೆ.ಬಿ.ಎಸ್., ಕೆ.ಜಿ.ಎಸ್., ಯು.ಬಿ.ಎಸ್. ಬಸ್ ನಿಲ್ದಾಣದ ಕಡೆ ಬಂದರೆ ಮಠದ ಅಥವಾ ಸಂಘದ ಅನುದಾನಿತ ಹೈಸ್ಕೂಲು. ಬೈಪಾಸಿನ ಹೊಲಗಳಲ್ಲಿ ಹಳದಿ ಬಸ್ಸುಗಳ ಇಂಗ್ಲಿಷ್ ಮೀಡಿಯಂ. ಇನ್ನೂ ಆಚೆಗೆ ಕಾಂಪೌಂಡಿನೊಳಗೆ ಸರಕಾರದ್ದೇ ವಸತಿ ಶಾಲೆ. ಒಂದೇ ಓಣಿಯ ನಾಲ್ಕು ಮಕ್ಕಳು ಬೆಳಗ್ಗೆ ನಾಲ್ಕು ದಿಕ್ಕಿಗೆ ಹೋಗುತ್ತಾರೆ. ಹತ್ತನೆಯ ತರಗತಿಯ ಹೊತ್ತಿಗೆ ಅವರ ದಾರಿ ಮತ್ತೆ ಕೂಡದಷ್ಟು ದೂರವಾಗಿರುತ್ತದೆ. ಯಾಕೆ ಹೀಗೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು, ಮಾಸ್ತರರು, ಸಾಹಿತಿಗಳು, ಅಧಿಕಾರಿಗಳು ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತ ಬಂದಿದ್ದಾರೆ.

ಮುಲ್ಕಿಯ ಕಾಲ

ಜಗಳ ಹೊಸದೇನಲ್ಲ. ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದಾಗ, 1882ರಲ್ಲಿ, ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಒಂದು ಹೇಳಿಕೆ ಸಲ್ಲಿಸಿದರು. ರೈತನ ಕಂದಾಯದಿಂದ ಬಂದ ಹಣ ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ರೈತನ ಮಕ್ಕಳಿಗೆ ಪ್ರಾಥಮಿಕ ಶಾಲೆಯೂ ಇಲ್ಲ, ಹನ್ನೆರಡು ವರ್ಷದವರೆಗೆ ಶಿಕ್ಷಣ ಕಡ್ಡಾಯ ಮಾಡಿ ಎಂಬುದು ಅದರ ಸಾರ. ಶಾಲೆಯ ಅಸಮಾನತೆಗೆ ಸರಕಾರದ ಖರ್ಚಿನ ರೀತಿಯೇ ಕಾರಣ ಎಂಬ ವಾದ ಈ ಸೀಮೆಯಲ್ಲಿ ಅಲ್ಲಿಂದಲೇ ಆರಂಭವೆನ್ನಬಹುದು.

ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1918ರಲ್ಲಿ, ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ. ಅದಾದರೂ ಅನ್ವಯಿಸುತ್ತಿದ್ದುದು ಮುನಿಸಿಪಾಲಿಟಿ ಇದ್ದ ಊರುಗಳಿಗೆ ಮಾತ್ರ. ಹಳ್ಳಿಗಳು 1923ರ ಕಾಯ್ದೆಯವರೆಗೆ ಕಾಯಬೇಕಾಯಿತು. ಪಟ್ಟಣಕ್ಕೆ ಮೊದಲು, ಹಳ್ಳಿಗೆ ಆಮೇಲೆ ಎಂಬ ಸರತಿ ಕಾನೂನಿನಲ್ಲೇ ಬರೆದುಕೊಂಡಿತ್ತು.

ಇಂಡಿ ಸೀಮೆಯ ಹಲಸಂಗಿಯನ್ನೇ ನೋಡಿ. ಅಲ್ಲಿಯ ಕವಿ ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ, ಅಂದರೆ ಏಳನೇ ಇಯತ್ತೆಯ ಕಟ್ಟಕಡೆಯ ಪರೀಕ್ಷೆಗೆ, ನಿಂತಿತು. ಇಂಗ್ಲಿಷನ್ನು ಅವರು ಸ್ವಂತ ಶ್ರಮದಿಂದ ದಕ್ಕಿಸಿಕೊಂಡರು. ಅವರ ಗೆಳೆಯ ಸಿಂಪಿ ಲಿಂಗಣ್ಣ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಹೈಸ್ಕೂಲಿನ ನೆರಳಿಲ್ಲದ ಊರಿನಿಂದ 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಕಲನ ಬಂತು. ಇದನ್ನು ಹೇಳಿ ‘ಮನಸ್ಸಿದ್ದರೆ ಸಾಲಿ ಯಾತಕ್ಕ ಬೇಕು?’ ಎನ್ನುವವರು ಇಂದಿಗೂ ಇದ್ದಾರೆ. ಆ ಹಾಡುಗಳನ್ನು ಕಟ್ಟಿ, ನೆನಪಿನಲ್ಲಿಟ್ಟು, ಬೀಸುವಾಗ ಕುಟ್ಟುವಾಗ ಹಾಡಿದ ಹೆಣ್ಣುಮಕ್ಕಳಲ್ಲಿ ಬಹುತೇಕರು ಸಾಲಿಯ ಕಟ್ಟೆ ಹತ್ತಿದವರಲ್ಲ ಎಂಬುದನ್ನು ಮಾತ್ರ ಅವರು ಮರೆಯುತ್ತಾರೆ.

ಸರಕಾರ ಬಿಟ್ಟ ಜಾಗವನ್ನು ಸಮುದಾಯಗಳು ತುಂಬಿದವು. 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮುಂದಾಗಿ ಕಟ್ಟಿದ ಸಂಸ್ಥೆಯೇ ಇಂದಿನ ಬಿ.ಎಲ್.ಡಿ.ಇ. ಮಠಗಳು ಉಚಿತ ಪ್ರಸಾದ ನಿಲಯ ತೆರೆದವು. ಅಂಜುಮನ್, ಸಿಕ್ಯಾಬ್ ಸಂಸ್ಥೆಗಳು ಮುಸ್ಲಿಂ ಮಕ್ಕಳಿಗೆ ಶಾಲೆ ಕಟ್ಟಿದವು. ಇವುಗಳಿಂದ ಓದಿ ಮೇಲೆ ಬಂದವರು ಸಾವಿರಾರು ಮಂದಿ. ಆದರೆ ಯಾವ ಸಮುದಾಯಕ್ಕೆ ಸಂಸ್ಥೆ ಕಟ್ಟುವ ಶಕ್ತಿ ಇರಲಿಲ್ಲವೋ ಅದರ ಮಕ್ಕಳು ಸರಕಾರಿ ಶಾಲೆಯ ಪಾಲಾದರು. ಊರೊಳಗಿನ ಶಾಲೆಗಳ ಜಾತಿವಾರು ಚಹರೆ ಮೂಡಿದ್ದು ಹೀಗೆ. ಇದನ್ನು ಬಹಿರಂಗವಾಗಿ ಚರ್ಚಿಸಲು ನಮ್ಮಲ್ಲಿ ಈಗಲೂ ಮುಜುಗರ.

‘ನಮ್ಮ ಭಾಗಕ್ಕ ಅನ್ಯಾಯ ಆಗೇದ’

ಮೊದಲ ಗುಂಪಿನ ಪ್ರಕಾರ ಕಾರಣ ಪ್ರದೇಶವೇ. ನೀರು, ರಸ್ತೆ, ಉದ್ಯೋಗ, ಶಾಲೆ ಎಲ್ಲದರಲ್ಲೂ ಹಿಂದುಳಿದ ಸೀಮೆಯಲ್ಲಿ ಶಾಲೆ ಮಾತ್ರ ಮುಂದೆ ಹೋಗಲಾರದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ನಮ್ಮ ಜಿಲ್ಲೆಯದು ಶೇ. 67ರ ಆಸುಪಾಸು. ಹೆಣ್ಣುಮಕ್ಕಳದು ಶೇ. 57ರ ಹತ್ತಿರ.

ಈ ವಾದಕ್ಕೆ ಖಾರ ಹಚ್ಚಿದ್ದು ಸಂವಿಧಾನದ 371(ಜೆ) ವಿಧಿ. ಹಳೆಯ ಹೈದರಾಬಾದ್ ಕರ್ನಾಟಕಕ್ಕೆ 2013ರಿಂದ ಪ್ರತ್ಯೇಕ ಮಂಡಳಿ, ಅನುದಾನ, ನೌಕರಿ ಮತ್ತು ಸೀಟುಗಳಲ್ಲಿ ಮೀಸಲು ಸಿಕ್ಕಿತು. ವಿಜಯಪುರ ಮುಂಬೈ ಪ್ರಾಂತದಲ್ಲಿದ್ದ ಕಾರಣಕ್ಕೆ ಹೊರಗುಳಿಯಿತು. ಭೀಮಾ ನದಿಯ ಆಚೆ ದಂಡೆಯ ಅಫಜಲಪುರದ ಹುಡುಗನಿಗೆ ಇರುವ ಸೌಲಭ್ಯ ಈಚೆ ದಂಡೆಯ ಆಲಮೇಲದ ಹುಡುಗನಿಗಿಲ್ಲ. ಮಳೆ, ಬರ, ಬೆಳೆ ಎರಡೂ ದಂಡೆಗೆ ಒಂದೇ. ಗೆರೆ ಎಳೆದದ್ದು ನಿಜಾಮನ ಕಾಲದ ಗಡಿ.

ಈ ವಾದದ ಬಲ ಅರ್ಥವಾಗುತ್ತದೆ. ಆದರೆ ಇದು ಊರು ಊರುಗಳ ನಡುವಿನ ಅಂತರವನ್ನು ವಿವರಿಸುತ್ತದೆಯೇ ಹೊರತು ಒಂದೇ ಊರಿನ ಎರಡು ಶಾಲೆಗಳ ಅಂತರವನ್ನಲ್ಲ. ಅಲ್ಲದೆ 371(ಜೆ) ಬಂದು ಹತ್ತು ವರ್ಷವಾದ ಮೇಲೂ, 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ. 94 ಪಡೆದರೆ ಯಾದಗಿರಿ ಶೇ. 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಹಣ ಬೇಕು, ಹಣವೊಂದೇ ಸಾಲದು ಎಂಬುದಕ್ಕೆ ನಮ್ಮ ನೆರೆಯ ಜಿಲ್ಲೆಯೇ ಸಾಕ್ಷಿ. ಅಸಮತೋಲನವನ್ನು ಮತ್ತೆ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ರಚನೆಯಾಯಿತು.

ಮನೆ ಮತ್ತು ಹೊಟ್ಟೆ

ಎರಡನೆಯ ವಾದ ಶಾಲೆಯ ಗೇಟು ಬಿಟ್ಟು ಮನೆಯ ಬಾಗಿಲಿಗೆ ಹೋಗುತ್ತದೆ. ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಸುಮಾರು ಆರು ಲಕ್ಷ ಮಕ್ಕಳ ಮಾಹಿತಿ ಕಲೆಹಾಕಿ ವರದಿ ಕೊಟ್ಟರು. ಕಟ್ಟಡ, ಗ್ರಂಥಾಲಯ, ಖರ್ಚು ಇವುಗಳ ವ್ಯತ್ಯಾಸಕ್ಕಿಂತ ಮಗು ಯಾವ ಮನೆಯಿಂದ ಬಂದಿದೆ ಎಂಬುದೇ ಕಲಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ ಎಂದದ್ದು ಆಗ ದೊಡ್ಡ ಗದ್ದಲ ಎಬ್ಬಿಸಿತು. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು: ಜೊತೆಗೆ ಕೂತು ಓದುವ ಮಕ್ಕಳು ಎಂಥವರು ಎಂಬುದೂ ಮುಖ್ಯ. ಇದನ್ನು ಮುಂದೆ ನೋಡೋಣ.

ನಮ್ಮ ಕಡೆ ಮನೆ ಎಂದರೆ ಮೊದಲಿಗೆ ದುಡಿಯಲು ಹೋಗುವ ಮನೆ. ಬಾಗೇವಾಡಿ, ಮುದ್ದೇಬಿಹಾಳ ಸುತ್ತಲಿನ ತಾಂಡಾಗಳಿಂದ ಕಬ್ಬು ಕಡಿಯಲು, ಗೋವಾ, ಪುಣೆ, ಮುಂಬೈ ಕಡೆ ಕಟ್ಟಡ ಕೆಲಸಕ್ಕೆ ಜನ ಗುಳೆ ಹೋಗುತ್ತಾರೆ. ಮುದುಕರಿದ್ದರೆ ಮಗು ಊರಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಟ್ರ್ಯಾಕ್ಟರ್ ಏರುತ್ತದೆ. ದೀಪಾವಳಿ ಮುಗಿಸಿ ಹೋದ ಮಗು ಯುಗಾದಿಗೆ ಬಂದರೆ ಹಾಜರಿ ಪುಸ್ತಕದಲ್ಲಿ ಅದರ ಹೆಸರು ಇರುತ್ತದೆ, ಪಾಠ ಮಾತ್ರ ಮುಂದೆ ಹೋಗಿರುತ್ತದೆ. ಪಟ್ಟಣದ ಅಂಚಿನ ಆಶ್ರಯ ಮನೆಗಳಿಗೆ ಬಂದು ನೆಲೆಸಿದವರ ಪಾಡೂ ಇದೇ.

ಮನೆಯ ವಾದದಲ್ಲಿ ಸರಕಾರ ಒಪ್ಪಿ ಕೈಹಾಕಿದ್ದು ಊಟದ ವಿಷಯಕ್ಕೆ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. 2021ರ ಡಿಸೆಂಬರಿನಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆಯ್ದ ಏಳು ಜಿಲ್ಲೆಗಳಲ್ಲೂ ವಿಜಯಪುರವಿತ್ತು. ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಮೊಟ್ಟೆ ತಿಂದರು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು.

ಮನೆಯೇ ಕಾರಣವೆಂಬ ವಾದಕ್ಕೆ ಒಂದು ಅಡ್ಡಪರಿಣಾಮವಿದೆ. ‘ಪಾಲಕರೇ ಲಕ್ಷ್ಯ ಕೊಡಂಗಿಲ್ಲ, ನಾವೇನ್ ಮಾಡೂಣು?’ ಎಂದು ಕೈತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿದಷ್ಟು ನಾನು ಬೇರಾವುದನ್ನೂ ಕೇಳಿಲ್ಲ.

ಮಾಸ್ತರರು ಎಲ್ಲಿದ್ದಾರೆ?

ಕೊಠಡಿ, ಶೌಚಾಲಯ, ಶಿಕ್ಷಕರ ಕೊರತೆಯೇ ಮೂಲ ಎನ್ನುವ ಮೂರನೆಯ ವಾದವನ್ನು ಬೇಗ ಮುಗಿಸಬಹುದು. ಅದು ಸುಳ್ಳೆಂದಲ್ಲ. ಪಟ್ಟಣದ ಮಟ್ಟಿಗೆ ಅದು ಅರ್ಧ ಮಾತ್ರ ಹೊಂದುತ್ತದೆ. ವರ್ಗಾವಣೆ ನಿಯಮದಲ್ಲಿ ಊರುಗಳನ್ನು ಎ, ಬಿ, ಸಿ ವಲಯಗಳೆಂದು ವಿಂಗಡಿಸಿದ್ದಾರೆ. ಎಲ್ಲರ ಕಣ್ಣು ‘ಎ’ ವಲಯದ ಮೇಲೆ. ಆದ್ದರಿಂದ ಗಡಿ ಹಳ್ಳಿಗಳು ಅತಿಥಿ ಶಿಕ್ಷಕರ ಮೇಲೆ ನಡೆದರೂ ಪಟ್ಟಣದ ಸರಕಾರಿ ಶಾಲೆಗಳಲ್ಲಿ ಅನುಭವಿ ಮಾಸ್ತರರು, ಅಕ್ಕೋರು ಸಿಗುತ್ತಾರೆ. ಹಾಗಿದ್ದೂ ಪಟ್ಟಣದ ಆ ಶಾಲೆಗಳಿಂದಲೇ ಮಕ್ಕಳು ಹೊರಡುತ್ತಿದ್ದಾರೆ.

ಹಾಗಾದರೆ ಖಾಸಗಿಯವರು ಚೆನ್ನಾಗಿ ಕಲಿಸುತ್ತಾರೆಯೇ? ಇದಕ್ಕೆ ಗಟ್ಟಿ ಉತ್ತರ ಆಂಧ್ರದ ಹಳ್ಳಿಗಳಿಂದ ಬಂದಿದೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅಲ್ಲಿ ಲಾಟರಿ ಎತ್ತಿ ಕೆಲವು ಮಕ್ಕಳಿಗೆ ಖಾಸಗಿ ಶಾಲೆಯ ಫೀ ಕೊಡಿಸಿ ನಾಲ್ಕು ವರ್ಷ ಹಿಂಬಾಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತೆಲುಗು, ಗಣಿತಗಳಲ್ಲಿ ಸರಕಾರಿ ಶಾಲೆಯ ಮಕ್ಕಳಿಗೂ ಇವರಿಗೂ ಅಂತರವಿರಲಿಲ್ಲ, ಹಿಂದಿಯಲ್ಲಿ ಮಾತ್ರ ಇವರು ಮುಂದಿದ್ದರು. ಖಾಸಗಿ ಶಾಲೆಯ ಖರ್ಚು ಸರಕಾರಿಯ ಮೂರನೇ ಒಂದು ಭಾಗದಷ್ಟೂ ಇರಲಿಲ್ಲ. ಈ ಫಲಿತಾಂಶವನ್ನು ಎರಡೂ ಪಕ್ಷದವರು ತಮ್ಮ ಗೆಲುವೆಂದು ಹೇಳಿಕೊಂಡರು. ನನಗೆ ಕಂಡದ್ದು ಇಷ್ಟು: ಖಾಸಗಿ ಶಾಲೆಯ ಮಕ್ಕಳು ಮುಂದಿರುವಂತೆ ಕಾಣುವುದರಲ್ಲಿ ಶಾಲೆಯ ಪಾಲಿಗಿಂತ ಅಲ್ಲಿಗೆ ಹೋದ ಮಕ್ಕಳ ಮನೆಯ ಪಾಲು ದೊಡ್ಡದು.

ಮೀಡಿಯಂ ಜಗಳ

ಕನ್ನಡದ ಓದುಗರಿಗೆ ಹೆಚ್ಚು ಪರಿಚಿತವಾದದ್ದು ನಾಲ್ಕನೆಯ ವಾದ. 1981ರ ಗೋಕಾಕ್ ವರದಿ, ಮರುವರ್ಷದ ಚಳವಳಿ ಎತ್ತಿದ್ದು ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಿರಬೇಕೆಂಬ ಪ್ರಶ್ನೆಯನ್ನು. ಮಾಧ್ಯಮದ ಪ್ರಶ್ನೆ ಕಾವೇರಿದ್ದು 1994ರ ಆದೇಶದಿಂದ. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಅದು ಹೇಳಿತು. ಶಾಲೆಗಳು ಕಾಗದದ ಮೇಲೆ ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ತರಗತಿಯಲ್ಲಿ ಇಂಗ್ಲಿಷ್ ಕಲಿಸಿದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು ತೀರ್ಪಿತ್ತಿತು. 2019ರಲ್ಲಿ ಸರಕಾರವೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಒಂದು ಕಡೆಯವರಿಗೆ ಇಂಗ್ಲಿಷೇ ಅಸಮಾನತೆಯ ಬೀಜ. ಇನ್ನೊಂದು ಕಡೆಯವರಿಗೆ ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಕೊಟ್ಟು ಬಡವರ ಮಕ್ಕಳಿಗೆ ಮಾತ್ರ ಕನ್ನಡದ ಹೊಣೆ ಹೊರಿಸುವುದೇ ಅಸಮಾನತೆ. ದಲಿತ ಪಾಲಕರು ಎರಡನೆಯ ಮಾತನ್ನು ಎತ್ತಿದಾಗ ಸಾಹಿತಿಗಳ ವೇದಿಕೆಗಳಲ್ಲಿ ಅದಕ್ಕೆ ನೇರ ಉತ್ತರ ಸಿಕ್ಕದ್ದು ಕಡಿಮೆ.

ನಮ್ಮ ಪಟ್ಟಣಗಳಲ್ಲಿ ಈ ಜಗಳ ಇನ್ನಷ್ಟು ಸಿಕ್ಕಾಗಿದೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ. ಪೇಟೆಯ ಮುಸ್ಲಿಂ ಮಗುವಿಗೆ ಉರ್ದು. ಚಡಚಣದ ಗಡಿಯಲ್ಲಿ ಮರಾಠಿ. ಕನ್ನಡ ಮಾಧ್ಯಮ ಇವರ್‍ಯಾರಿಗೂ ಮಾತೃಭಾಷಾ ಮಾಧ್ಯಮವಲ್ಲ. ಉರ್ದು ಪ್ರಾಥಮಿಕ ಶಾಲೆ ಮುಗಿಸಿದ ಹುಡುಗಿಗೆ ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲವೆಂದರೆ, ಮಾಧ್ಯಮ ಬದಲಿಸಬೇಕು ಇಲ್ಲವೇ ಮನೆಯಲ್ಲಿ ಕೂರಬೇಕು. ಇತ್ತ 1995ರ ನಂತರ ಶುರುವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಿ ಎಂಬ ಬೇಡಿಕೆ ವರ್ಷ ವರ್ಷ ಅಧಿವೇಶನದ ಹೊತ್ತಿಗೆ ಎದ್ದು ತಣ್ಣಗಾಗುತ್ತದೆ. ಕನ್ನಡದ ಮೇಲಿನ ಪ್ರೀತಿ ಬಜೆಟ್ಟಿನ ಬಾಗಿಲಲ್ಲಿ ನಿಂತುಬಿಡುತ್ತದೆ.

ಐದನೇ ಇಯತ್ತೆಯ ಜರಡಿ

ಈ ನಾಲ್ಕೂ ವಾದಗಳು ಶಾಲೆಯನ್ನು ನಿಂತ ವಸ್ತುವೆಂಬಂತೆ ನೋಡುತ್ತವೆ. ಐದನೆಯದೊಂದು ವಾದವಿದೆ. ಅದರ ಪ್ರಕಾರ ಅಸಮಾನತೆ ಹುಟ್ಟುವುದು ಮಕ್ಕಳನ್ನು ಹಂತ ಹಂತವಾಗಿ ಆಯ್ದು ಬೇರ್ಪಡಿಸುವ ವ್ಯವಸ್ಥೆಯಿಂದ. ನನ್ನ ಒಲವು ಇದರ ಕಡೆಗೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಿಗುವಷ್ಟು ಪುರಾವೆ ರಾಜ್ಯದ ಬೇರೆ ಕಡೆ ಸಿಗುವುದು ಕಷ್ಟ.

ಮೊದಲ ಸೋಸು ಆರನೇ ವಯಸ್ಸಿಗಿಂತ ಮುಂಚೆ, ಫೀ ಕಟ್ಟುವ ಶಕ್ತಿಯ ಮೇಲೆ ನಡೆಯುತ್ತದೆ. ಇದನ್ನು ಸಡಿಲಿಸಲೆಂದೇ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟಿತು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಈ ಸೀಟು ಇಲ್ಲವೆಂದು ಕರ್ನಾಟಕ 2019ರಲ್ಲಿ ನಿಯಮ ತಿದ್ದಿತು. ಲಕ್ಷ ಮೀರಿದ್ದ ಸೀಟುಗಳು ಕೆಲವೇ ಸಾವಿರಕ್ಕೆ ಇಳಿದವು. ಸರಕಾರಿ ಶಾಲೆ ಖಾಲಿಯಾಗುವುದನ್ನು ತಡೆಯುವುದು ಉದ್ದೇಶ ಎಂದರು. ಫೀ ಕಟ್ಟಬಲ್ಲವರು ಮಾತ್ರ ಮೊದಲಿನಂತೆಯೇ ಹೋಗುತ್ತಿದ್ದಾರೆ.

ಎರಡನೆಯ ಸೋಸು ಐದನೇ ಇಯತ್ತೆ ಮುಗಿಯುವ ಹೊತ್ತಿಗೆ. ನವೋದಯ ವಿದ್ಯಾಲಯ, 1963ರಿಂದ ವಿಜಯಪುರದಲ್ಲಿರುವ ಸೈನಿಕ ಶಾಲೆ, ಹೆಣ್ಣುಮಕ್ಕಳಿಗೆ ಕಿತ್ತೂರಿನ ವಸತಿ ಶಾಲೆ, ಮೊರಾರ್ಜಿ ದೇಸಾಯಿ ಮತ್ತು ಇತರ ವಸತಿ ಶಾಲೆಗಳು, ಹಿಂದುಳಿದ ತಾಲ್ಲೂಕುಗಳಿಗೆಂದು ತೆರೆದ ಆದರ್ಶ ವಿದ್ಯಾಲಯಗಳು. ಎಲ್ಲದಕ್ಕೂ ಪ್ರವೇಶ ಆರನೇ ತರಗತಿಗೆ, ಎಲ್ಲದಕ್ಕೂ ಪರೀಕ್ಷೆ. ಒಂದೊಂದೂ ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದೇ. ಒಟ್ಟಿಗೆ ಸೇರಿದಾಗ ಅವು ಮಾಡುವ ಕೆಲಸವೇ ಬೇರೆ.

ವಿಜಯಪುರದ ಯಾವುದಾದರೂ ಕೋಚಿಂಗ್ ಕ್ಲಾಸಿಗೆ ಸಂಜೆ ಹೋಗಿ ನೋಡಿ. ಬಾಡಿಗೆ ಮನೆಯ ಮೇಲಂತಸ್ತು. ಗೋಡೆಗೆ ಒರಗಿಸಿದ ಟ್ರಂಕುಗಳ ಮೇಲೆ ಹೆಸರು, ಊರು ಬರೆದ ಚೀಟಿ. ಚಾಪೆಯ ಮೇಲೆ ಒಂಬತ್ತು-ಹತ್ತು ವರ್ಷದ ಹುಡುಗರು ತ್ರಿಕೋನ, ಬಾಣ, ಚುಕ್ಕಿಗಳ ಚಿತ್ರ ನೋಡಿ ‘ಮುಂದಿನದು ಯಾವುದು?’ ಎಂಬುದಕ್ಕೆ ಓಎಂಆರ್ ಹಾಳೆಯಲ್ಲಿ ಗೋಲ ತುಂಬುತ್ತಿರುತ್ತಾರೆ. ನವೋದಯದ ಎರಡು ತಾಸಿನ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಇಂಥ ಮಾನಸಿಕ ಸಾಮರ್ಥ್ಯದವು. ಯಾವ ಶಾಲೆಯ ಪಠ್ಯಪುಸ್ತಕದಲ್ಲೂ ಇವು ಇಲ್ಲ. ಬಡವರ ಮಕ್ಕಳ ಬುದ್ಧಿ ಗುರುತಿಸಲು ಪಠ್ಯಕ್ಕೆ ಸಂಬಂಧವಿಲ್ಲದ ಪ್ರಶ್ನೆ ಕೇಳಿದರೆ ನ್ಯಾಯವೆಂದು ಯಾರೋ ಯೋಚಿಸಿರಬೇಕು. ಶಾಲೆಯಲ್ಲಿ ಕಲಿಸದ್ದನ್ನು ಕಲಿಸಲು ಪೇಟೆ ಹುಟ್ಟಿಕೊಂಡಿತು. ಎರಡು ಎಕರೆ ಒಣಬೇಸಾಯದವನೂ ತೊಗರಿ ಮಾರಿ ಮಗನನ್ನು ನಾಲ್ಕನೇ ಇಯತ್ತೆಗೇ ಇಲ್ಲಿ ತಂದು ಬಿಡುತ್ತಾನೆ.

ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣರಿಗೆ. ಮೂರು, ನಾಲ್ಕು, ಐದನೇ ತರಗತಿಯಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದರೂ ಮಗು ನಗರದ್ದೆಂದೇ ಲೆಕ್ಕ. ಹೀಗಾಗಿ ಇಂಡಿ ಪಟ್ಟಣದ ಕೊಳಚೆ ಪ್ರದೇಶದ ಕೂಲಿಕಾರನ ಮಗಳು ‘ನಗರ’ದ ಪಟ್ಟಿಯಲ್ಲಿ ಪೈಪೋಟಿ ಮಾಡಬೇಕು. ಹೆಸರು ಹಳ್ಳಿಯ ಹಾಜರಿಯಲ್ಲಿ, ಹುಡುಗ ಪಟ್ಟಣದ ಕೋಚಿಂಗಿನಲ್ಲಿ ಎಂಬ ಮಾತೂ ನಮ್ಮ ಕಡೆ ಯಾರಿಗೂ ಹೊಸದಲ್ಲ.

ಜೂನ್-ಜುಲೈಯಲ್ಲಿ ಟಿ.ಸಿ. ಒಯ್ದವರ ಪಟ್ಟಿ ನೋಡಿದರೆ ಸರಕಾರಿ ಶಾಲೆಯ ಆರನೇ ತರಗತಿಯಲ್ಲಿ ಯಾರು ಉಳಿದರೆಂದು ತಿಳಿಯುತ್ತದೆ. ವಾಚನ ಬಲ್ಲವರು, ಗಣಿತ ಬಲ್ಲವರು, ಬೆನ್ನು ಹತ್ತಿ ಕೇಳುವ ಪಾಲಕರಿದ್ದವರು ಹೋಗಿರುತ್ತಾರೆ. ಕೋಲ್ಮನ್ ಹೇಳಿದ ‘ಜೊತೆಗೆ ಕೂತು ಓದುವವರ’ ಮಾತು ಇಲ್ಲಿ ನೆನಪಾಗುತ್ತದೆ. ಸರಕಾರಿ ಶಾಲೆಯ ಮಾಸ್ತರನಿಗೂ ಇದು ವಿಚಿತ್ರ ಸಂಕಟ. ತನ್ನ ಶಾಲೆಯಿಂದ ಎಷ್ಟು ಮಕ್ಕಳು ಆಯ್ಕೆಯಾದರೆಂದು ಬ್ಯಾನರ್ ಕಟ್ಟಿ ಹೆಮ್ಮೆಪಡುತ್ತಾನೆ. ಹೆಮ್ಮೆಪಟ್ಟಷ್ಟೂ ಅವನ ತರಗತಿ ಬಡವಾಗುತ್ತದೆ.

ಈ ವಾದಕ್ಕೆ ತೂಕದ ಪ್ರತಿವಾದವೂ ಇದೆ. ಮೊರಾರ್ಜಿ ಶಾಲೆ ಇಲ್ಲದಿದ್ದರೆ ಕಬ್ಬು ಕಡಿಯುವವರ ಮಗಳು ಟ್ರ್ಯಾಕ್ಟರ್ ಏರುತ್ತಿದ್ದಳು. ಮೂರು ಹೊತ್ತಿನ ಊಟ, ಮಂಚ, ಓದುವ ದೀಪ ಅವಳಿಗೆ ಸಿಕ್ಕಿದ್ದು ಅಲ್ಲಿ. ಎಲ್ಲರನ್ನೂ ಎತ್ತಲಾಗದ ಸರಕಾರ ಕೆಲವರನ್ನಾದರೂ ಎತ್ತಿದರೆ ತಪ್ಪೇನು ಎಂದು ಆ ಮನೆಯವರು ಕೇಳಿದರೆ, ಅಂಕಿ-ಸಂಖ್ಯೆ ಹಿಡಿದು ಉತ್ತರಿಸುವ ಧೈರ್ಯ ನನಗಿಲ್ಲ. ನೆರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ಎಲ್ಲ ಪಕ್ಷಗಳೂ ಅದನ್ನು ಹೊಗಳಿದವು, ಯಾವುದೂ ಮಾಡಲಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಅಳತೆಯ ಪ್ರಶ್ನೆ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ವರ್ಷ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಹಾಗಾದರೆ ಹಿಂದಿನ ವರ್ಷಗಳ ಅಂಕಿ ಹಿಡಿದು ಯಾವ ಶಾಲೆ ಮೇಲು, ಯಾವುದು ಕೀಳು ಎಂದು ನಾವು ಮಾಡಿದ ವಾದಗಳಲ್ಲಿ ಎಷ್ಟು ಉಳಿಯುತ್ತವೆ?

ಎರಡನೆಯದು, 2019ರ ಇಂಗ್ಲಿಷ್ ವಿಭಾಗಗಳು. ದಾಖಲಾತಿ ಹೆಚ್ಚಿದರೆ ಶಾಲೆ ಉಳಿದೀತು. ಆದರೆ ಕನ್ನಡವೂ ಮನೆಮಾತಲ್ಲದ ಮಗುವಿನ ಕಲಿಕೆಗೆ ಅಲ್ಲಿ ಏನಾಗುತ್ತಿದೆ ಎಂಬುದು ದಾಖಲಾತಿಯ ಅಂಕಿಯಿಂದ ಗೊತ್ತಾಗುವುದಿಲ್ಲ. ಉರ್ದು ಶಾಲೆಯ ಹುಡುಗಿಯರು ಏಳನೆಯದರ ನಂತರ ಎಲ್ಲಿಗೆ ಹೋಗುತ್ತಾರೆಂಬುದೂ ಮಾಧ್ಯಮದ ಚರ್ಚೆಯೊಳಗೆ ಇನ್ನೂ ಬಂದಿಲ್ಲ.

ಮೂರನೆಯದು ಸೋಸುವಿಕೆಯ ಬೆಲೆ. ವಸತಿ ಶಾಲೆಗೆ ಹೋದವರು ಅಲ್ಲಿ ಹೋದದ್ದರಿಂದ ಮುಂದೆ ಬಂದರೇ, ಅಥವಾ ಎಲ್ಲಿದ್ದರೂ ಬರುತ್ತಿದ್ದರೇ? ಅವರು ಹೋದದ್ದರಿಂದ ಹಿಂದೆ ಉಳಿದವರು ಕಳೆದುಕೊಂಡದ್ದೆಷ್ಟು? ಇದನ್ನು ತಿಳಿಯಲು ದಾರಿ ಇಲ್ಲವೆಂದಲ್ಲ. ಶಾಲೆಗೆ ದಾಖಲಾದ ರಾಜ್ಯದ ಪ್ರತಿ ಮಗುವಿಗೂ ‘ಸ್ಯಾಟ್ಸ್’ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಒಂದು ಸಂಖ್ಯೆಯಿದೆ. ಶಾಲೆ ಬದಲಿಸಿದರೂ ಆ ಸಂಖ್ಯೆ ಮಗುವಿನ ಜೊತೆಗೇ ಹೋಗುತ್ತದೆ. ಆಯ್ಕೆ ಪಟ್ಟಿಯ ಕೊನೆಯಲ್ಲಿ ಸೀಟು ಪಡೆದವರನ್ನೂ, ಒಂದೆರಡು ಅಂಕದಿಂದ ತಪ್ಪಿಸಿಕೊಂಡು ಊರ ಶಾಲೆಯಲ್ಲೇ ಉಳಿದವರನ್ನೂ ಹತ್ತನೆಯ ತರಗತಿಯವರೆಗೆ ಹಿಂಬಾಲಿಸಿದರೆ ಮೊದಲ ಪ್ರಶ್ನೆಗೆ ಉತ್ತರ ಹತ್ತಿರವಾಗುತ್ತದೆ. ಎರಡನೆಯದಕ್ಕೆ, ಹೆಚ್ಚು ಮಕ್ಕಳು ಆಯ್ಕೆಯಾಗಿ ಹೋದ ಶಾಲೆಗಳ ಆರನೇ ತರಗತಿಯನ್ನೂ ಯಾರೂ ಹೋಗದ ಶಾಲೆಗಳ ಆರನೇ ತರಗತಿಯನ್ನೂ ಹೋಲಿಸಬೇಕಾಗುತ್ತದೆ. ಆಯ್ಕೆ ಪಟ್ಟಿಗಳು ಒಂದು ಇಲಾಖೆಯಲ್ಲಿವೆ, ಸ್ಯಾಟ್ಸ್ ಇನ್ನೊಂದು ಇಲಾಖೆಯಲ್ಲಿದೆ.